ಅಕ್ಕ ಬಿಡಿಸಿದ ಜೋಡಿಗಳು

ನಮ್ಮ ಮನೆಯ ಮುಂಭಾಗದಲ್ಲಿ ಎರಡು ಅಂಗಡಿಗಳಿವೆ. ಒಂದು ನನ್ನದು, ಗೇಟು ಗ್ರಿಲ್ಲು ಮಾಡುವ ವೆಲ್ಡಿಂಗ್ ಶೆಡ್ಡು. ಇನ್ನೊಂದು ಅಕ್ಕನದು, ಕಂಪ್ಯೂಟರ್ ಜೋಡಿಸುವ, ರಿಪೇರಿ ಮಾಡುವ ಅಂಗಡಿ. ನಡುವೆ ಒಂದೇ ಗೋಡೆ. ನನ್ನ ಕಡೆ ಕಿಡಿ ಹಾರುತ್ತದೆ, ಕಿಡಿಯ ಜೊತೆ ಬೈಗುಳವೂ ಹಾರುತ್ತದೆ. ಅಕ್ಕನ ಕಡೆ ತಲೆಯ ಮೇಲೆ ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಯಾರಾದರೂ ತಪ್ಪಿ ನನ್ನ ಶೆಡ್ಡಿಗೆ ಲ್ಯಾಪ್‌ಟಾಪ್ ಹಿಡಿದು ಬಂದರೆ, "ಇಲ್ಲಿ ಕೊಟ್ರೆ ಚಿಲಕ ಹಾಕ್ಕೊಡ್ತೀನಿ, ಪಕ್ಕಕ್ಕೆ ಹೋಗಿ" ಎನ್ನುತ್ತೇನೆ.

ಅಕ್ಕನಿಗೆ ಬೀದಿಯಲ್ಲಿ ಒಂದು ಅಡ್ಡಹೆಸರಿದೆ, ‘ಇನ್ನೊಂದ್ಸಲ’. ಮಷೀನ್ ಆಯಿತೇ ಎಂದು ಯಾರು ಕೇಳಿದರೂ, "ಆಯ್ತು, ಇನ್ನೊಂದ್ಸಲ ಟೆಸ್ಟ್ ಮಾಡಿ ಕೊಡ್ತೀನಿ" ಎಂದೇ ಅವಳ ಉತ್ತರ. ಯಾಕೆ ಮದುವೆಯಾಗಲಿಲ್ಲ ಎಂದು ಕೆಣಕಿದವರಿಗೂ, "ಇನ್ನೂ ಟೆಸ್ಟ್ ಮುಗಿದಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಾಳೆ. ನನ್ನ ಹೆಂಡತಿ ಒಮ್ಮೆ, "ಅತ್ತಿಗೆ, ನಿಮ್ಮ ತಮ್ಮನ್ನೂ ಒಂದ್ಸಲ ಟೆಸ್ಟ್ ಮಾಡಿ ನಂಗೆ ಕೊಡಬಾರದಿತ್ತಾ?" ಎಂದಳು. "ಕೊಟ್ಟ ಮಾಲು ವಾಪಸ್ ತಗೊಳಲ್ಲಮ್ಮ" ಎಂದು ಅಕ್ಕ ತಲೆಯೆತ್ತದೆ ಹೇಳಿದಳು. ಮನೆಯಲ್ಲಿ ನನ್ನ ಮರ್ಯಾದೆ ಇಷ್ಟು.

ಅವಳು ಮೊದಲು ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಅದು ಕೆಟ್ಟಾಗಲೆಲ್ಲ ರಿಪೇರಿಯವನು ಇವತ್ತು ನಾಳೆ ಎಂದು ಸತಾಯಿಸುತ್ತಿದ್ದ. ಅಕ್ಕ ಒಂದು ದಿನ ತಾನೇ ಸ್ಕ್ರೂ ಬಿಚ್ಚಿ ಒಳಗಿನ ಧೂಳು ಊದಿದಳು. ಮಷೀನ್ ಶುರುವಾಯಿತು. ಸಾಹೇಬರು ಶಹಬ್ಬಾಸ್ ಎನ್ನಲಿಲ್ಲ, ಯಾರನ್ನು ಕೇಳಿ ಬಿಚ್ಚಿದೆ ಎಂದು ಗದರಿದರು. ಮಾರನೆಯ ದಿನವೇ ಅವಳು ಆ ಕೆಲಸ ಬಿಟ್ಟಳು. ಸಿಟ್ಟು ನಮ್ಮ ಮನೆತನದ್ದೇ. ನಾನು ಅದನ್ನು ಹೊರಗೆ ಉಗುಳುತ್ತೇನೆ, ಅವಳು ಒಳಗೆ ನುಂಗುತ್ತಾಳೆ. ಆಮೇಲೆ ಹಳೆಯ ಮಷೀನ್‌ಗಳನ್ನು ಕೊಂಡು, ಬಿಚ್ಚಿ, ಜೋಡಿಸಿ, ಕಲಿತಳು. ಈಗ ಸುತ್ತಲಿನ ವಿಡಿಯೋ ಎಡಿಟಿಂಗ್‌ನವರು, ಗೇಮ್ ಆಡುವ ಹುಡುಗರು, ಪ್ರಿಂಟಿಂಗ್ ಪ್ರೆಸ್‌ನವರು ಎಲ್ಲರೂ ಅವಳ ಹತ್ತಿರವೇ ಬರುತ್ತಾರೆ. ‘ಇನ್ನೊಂದ್ಸಲ’ ಅಕ್ಕ ಸರಿ ಎಂದರೆ ಸರಿ. ಆ ಹೆಸರು ಅವಳ ಆಸ್ತಿ.

ಈಗ ಅವಳ ಕೈಚಳಕದ ವಿಷಯ ಹೇಳಬೇಕು. ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ, ಗೋಡೆಯ ಈಚೆ ನನ್ನ ಕಿವಿಗೆ ಬಿದ್ದಷ್ಟನ್ನು ಹೇಳುತ್ತೇನೆ.

ಕಂಪ್ಯೂಟರಿನೊಳಗೆ ರ‍್ಯಾಮ್ ಎಂಬ ಸ್ಟಿಕ್ ಇರುತ್ತದೆ, ಅಂಗೈಯಷ್ಟು ಉದ್ದದ ತೆಳ್ಳನೆಯ ಪಟ್ಟಿ. ಕೆಲಸ ನಡೆಯುವಾಗ ಮಷೀನ್ ಎಲ್ಲವನ್ನೂ ಅದರಲ್ಲೇ ಹಿಡಿದುಕೊಂಡಿರುತ್ತದಂತೆ. ಎರಡೆರಡು ಸ್ಟಿಕ್ ಒಂದು ಡಬ್ಬಿಯಲ್ಲಿ ಜೋಡಿಯಾಗಿ ಬರುತ್ತವೆ. ಡಬ್ಬಿಯ ಮೇಲೆ ಒಂದು ವೇಗ ಬರೆದಿರುತ್ತದೆ. ಕಂಪನಿಯವರು ಆ ಎರಡನ್ನೂ ಒಟ್ಟಿಗೆ ಓಡಿಸಿ ನೋಡಿ ಆಮೇಲೆ ಡಬ್ಬಿ ಮುಚ್ಚಿರುತ್ತಾರೆ. ಬರೆದದ್ದಕ್ಕಿಂತ ಜಾಸ್ತಿ ಓಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಗೇಮ್ ಹುಡುಗರಿಗೂ ವಿಡಿಯೋದವರಿಗೂ ಅದರ ಹುಚ್ಚು.

ಒಂದೇ ಡಬ್ಬಿಯಲ್ಲಿ ಬಂದ ಎರಡೂ ಒಂದೇ ಥರ ಓಡುವುದಿಲ್ಲ. ಒಂದು ಎಷ್ಟು ಒದ್ದರೂ ಓಡುತ್ತದೆ, ಇನ್ನೊಂದು ಸ್ವಲ್ಪಕ್ಕೇ ಮುಗ್ಗರಿಸುತ್ತದೆ. ನಾನು ಒಮ್ಮೆ, "ಒಂದೇ ಡಬ್ಬಿ, ಒಂದೇ ನಂಬರ್, ಅದು ಹೇಗೆ ಬೇರೆ ಆಗತ್ತೆ?" ಎಂದು ಕೇಳಿದ್ದೆ.

"ನಾವಿಬ್ರೂ ಒಂದೇ ಹೊಟ್ಟೇಲಿ ಹುಟ್ಟಿದ್ದಲ್ವೇನೋ?" ಎಂದಳು.

"ಹೌದು."

"ಮತ್ತೆ ನಿಂಗ್ಯಾಕೆ ಬಿಸಿ ಆದ ಕೂಡ್ಲೇ ತಲೆ ಕೆಡತ್ತೆ?"

ಅಕ್ಕ ಬಂದ ಡಬ್ಬಿಗಳನ್ನೆಲ್ಲ ಒಡೆದು, ಒಂದೊಂದು ಸ್ಟಿಕ್ಕನ್ನೂ ಒಂಟಿಯಾಗಿ ಮಷೀನ್‌ಗೆ ಹಾಕಿ, ವೇಗ ಏರಿಸಿ ನೋಡುತ್ತಿದ್ದಳು. ಚುರುಕಾದದ್ದಕ್ಕೆ ಉಗುರುಬಣ್ಣದ ಒಂದು ಚುಕ್ಕೆ. ಉಗುರಿಗೆ ಅವಳು ಯಾವತ್ತೂ ಬಣ್ಣ ಹಚ್ಚಿದವಳಲ್ಲ, ಆ ಬಾಟಲಿ ಇದ್ದದ್ದೇ ಈ ಕೆಲಸಕ್ಕೆ. ಆಮೇಲೆ ಎರಡು ಡಬ್ಬಿಗಳಿಂದ ಚುಕ್ಕೆಯವನ್ನು ಆರಿಸಿ ಒಂದು ಜೋಡಿ ಮಾಡುವಳು. ಆ ಜೋಡಿ ಹಾಕಿದ ಮಷೀನ್ ಗಾಳಿಯ ಹಾಗೆ ಓಡುವುದು. ಹುಡುಗರು ಬಾಯಿ ಬಿಟ್ಟುಕೊಂಡು ನೋಡುವರು. ಅಕ್ಕ ಅದಕ್ಕೆಂದು ಒಂದು ಬಿಡಿಗಾಸೂ ಹೆಚ್ಚಿಗೆ ಕೇಳಿದವಳಲ್ಲ. ‘ನಿಮ್ಮ ಹಾಗೆ ಯಾರ ಕೈಯಲ್ಲೂ ಓಡಲ್ಲ’ ಎನ್ನುವ ಒಂದು ಮಾತು ಸಾಕಿತ್ತು ಅವಳಿಗೆ. ಅದನ್ನು ಕೇಳಿದ ದಿನ ಊಟಕ್ಕೆ ಕೂತಾಗಲೂ ಮುಖದಲ್ಲಿ ಒಂದು ನಗು ಉಳಿದಿರುತ್ತಿತ್ತು.

ಉಳಿದ ಚುಕ್ಕೆಯಿಲ್ಲದ ಎರಡು? ಅವನ್ನು ಒಂದು ಡಬ್ಬಿಯಲ್ಲಿಟ್ಟು ಮುಚ್ಚಿ ಆಫೀಸು, ಅಂಗಡಿಗಳ ಮಷೀನ್‌ಗೆ ಹಾಕುತ್ತಿದ್ದಳು. ಬಿಲ್ಲು ಹೊಡೆಯುವ ಮಷೀನ್‌ಗೆ ವೇಗವೇಕೆ? ಡಬ್ಬಿಯ ಮೇಲೆ ಬರೆದದ್ದಕ್ಕಿಂತ ನಿಧಾನಕ್ಕೆ ಬಿಟ್ಟರೆ ಅವು ಹಾಯಾಗಿ ನಡೆಯುತ್ತಿದ್ದವು. ಯಾರಿಗೂ ತೊಂದರೆಯಿಲ್ಲ ಎಂದು ಅವಳ ಲೆಕ್ಕ. ನನಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ನಾನು ಜೋಡಿ ಗೇಟು ಮಾಡುವಾಗ ಎರಡೂ ಬಾಗಿಲನ್ನು ಒಟ್ಟಿಗೇ ಮಲಗಿಸಿ, ಒಟ್ಟಿಗೇ ಅಳೆದು ಮಾಡುತ್ತೇನೆ. ಒಂದನ್ನು ಒಬ್ಬರ ಮನೆಗೆ, ಇನ್ನೊಂದನ್ನು ಇನ್ನೊಬ್ಬರ ಮನೆಗೆ ಹಾಕಿದರೆ ಚಿಲಕ ಕೂರುವುದಿಲ್ಲ ಎಂದು ನನಗೆ ಗೊತ್ತು. ಆದರೆ ಅದು ಗೇಟು, ಇದು ಕಂಪ್ಯೂಟರ್ ಎಂದುಕೊಂಡಿದ್ದೆ.

ಬೀದಿಯ ಕೊನೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ. ಅದರ ಯಜಮಾನರನ್ನು ಹಿಂದಿನಿಂದ ಎಲ್ಲರೂ ‘ಗದ್ದ ಮೇಲೆ’ ಎನ್ನುತ್ತಾರೆ. ಮೂರು ತಲೆಮಾರಿನವರಿಗೆ ಗದ್ದ ಸ್ವಲ್ಪ ಮೇಲೆ, ಸ್ವಲ್ಪ ನಗಿ ಎಂದು ಹೇಳಿದ ಮನುಷ್ಯ, ತಾವು ಮಾತ್ರ ನಕ್ಕದ್ದನ್ನು ಯಾರೂ ಕಂಡಿಲ್ಲ. ಅವರ ತಂದೆಯ ಕಾಲದಿಂದ ತೆಗೆದ ಫಿಲ್ಮುಗಳು ಅಟ್ಟದ ಮೇಲೆ ಪೆಟ್ಟಿಗೆಗಟ್ಟಲೆ ಇದ್ದವು. ಅವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿಸಬೇಕೆಂದು ಯಜಮಾನರು ಒಂದು ಹೊಸ ಮಷೀನ್ ಜೋಡಿಸಿಕೊಡಲು ಅಕ್ಕನಿಗೆ ಹೇಳಿದರು. ಸ್ಕ್ಯಾನ್ ಮಾಡಲು ಕೂತವಳು ಅವರ ತಮ್ಮನ ಹೆಂಡತಿ. ತಮ್ಮ ದೂರದ ಲಾರಿ ಓಡಿಸುತ್ತಾನೆ, ಮನೆಗೆ ಬರುವುದೇ ಅಪರೂಪ. ಅಡುಗೆಮನೆಯಲ್ಲಿ ಕೂತು ಇನ್ನೊಬ್ಬರ ಮುಖ ನೋಡುವ ಬದಲು ಈ ಕುರ್ಚಿಯಲ್ಲಿ ಕೂತೆ ಎಂದು ಅವಳಿಗೆ ಹೆಮ್ಮೆ. ಬೀದಿಯಲ್ಲಿ ಎಲ್ಲರೂ ಅವಳನ್ನು ‘ಸ್ಕ್ಯಾನಿಂಗ್ ತಂಗಿ’ ಎಂದೇ ಕರೆಯತೊಡಗಿದರು. ಅಕ್ಕನಿಗೆ ಅವಳೆಂದರೆ ಪ್ರೀತಿ. ಮಾರ್ಕೆಟ್ಟಿಗೆ ಹೋಗುವಾಗ ಅವಳು ಅಂಗಡಿಗೆ ಇಣುಕಿ, "ಅಕ್ಕಾ, ಇವತ್ತು ಒಂದು ಮೀಸೆ ಸ್ಕ್ಯಾನ್ ಮಾಡಿದೆ ನೋಡಿ, ಫ್ರೇಮ್ ಒಳಗೆ ಹಿಡಿಸ್ಲೇ ಇಲ್ಲ" ಎಂದು ನಗಿಸಿ ಹೋಗುತ್ತಿದ್ದಳು.

ಆ ಮಷೀನ್‌ಗೆ ಅಕ್ಕ ಹಾಕಿದ್ದು ಚುಕ್ಕೆಯಿಲ್ಲದ ಜೋಡಿ. ಸ್ಕ್ಯಾನ್ ಕೆಲಸ ಬೇಗ ಆಗಲಿ ಎಂದು ವೇಗವನ್ನು ಮಾತ್ರ ಡಬ್ಬಿಯ ಮೇಲೆ ಬರೆದಷ್ಟಕ್ಕೇ ಇಟ್ಟಳು. ಜಾಸ್ತಿಯೇನೂ ಅಲ್ಲವಲ್ಲ, ಬರೆದಷ್ಟೇ. ಎರಡೂ ಒಂಟಿಯಾಗಿ ಆ ವೇಗದಲ್ಲಿ ಪಾಸಾಗಿದ್ದವು. ಆದರೆ ಅವು ಬೇರೆ ಬೇರೆ ಡಬ್ಬಿಯವು. ಒಟ್ಟಿಗೆ ಓಡುತ್ತವೆ ಎಂದು ಕಂಪನಿಯವರು ನೋಡಿರಲಿಲ್ಲ, ಅಕ್ಕನೂ ಸರಿಯಾಗಿ ನೋಡಲಿಲ್ಲ. ತನ್ನ ಟೇಬಲ್ ಮೇಲೆ ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಓಡಿಸಿ, ಪಾಸ್ ಎಂದು ಬಂದ ಮೇಲೆ ಕೊಟ್ಟುಬಿಟ್ಟಳು. ಒಂದೊಂದಾಗಿ ಅಷ್ಟು ಸಲ ನೋಡಿದ್ದೇನೆ, ಜೋಡಿಗೆ ಇನ್ನೇನು ಎಂಬ ಧೈರ್ಯ.

ಆಮೇಲೆ ಬಹಳ ದಿನ ಯಾವ ಸುದ್ದಿಯೂ ಇರಲಿಲ್ಲ. ಅಟ್ಟ ಅರ್ಧಕ್ಕಿಂತ ಹೆಚ್ಚು ಖಾಲಿಯಾಯಿತು. ಸ್ಕ್ಯಾನ್ ಮುಗಿದ ಫಿಲ್ಮುಗಳನ್ನು ಯಜಮಾನರು ಹಳೆಯ ಫಿಲ್ಮಿನಿಂದ ಬೆಳ್ಳಿ ತೆಗೆಯುವವನಿಗೆ ಮಾರಿದರು. ಒಂದು ದಿನ ಯಾರೋ ಹೆಂಗಸು ತೀರಿಕೊಂಡ ತಂದೆಯ ಫೋಟೋ ಬೇಕೆಂದು ಬಂದಳು. ತೆರೆದು ನೋಡಿದರೆ ಮುಖದ ಮೇಲಿನರ್ಧ ಸರಿ, ಮೂಗಿನ ಕೆಳಗೆ ಬರೀ ಗುಲಾಬಿ ಬಣ್ಣದ ಗೀರು, ಅದರ ಕೆಳಗೆ ಬೂದಿ. ಯಜಮಾನರು ಮಿಕ್ಕವನ್ನೂ ತೆರೆದು ನೋಡಿದರು. ನಡುನಡುವೆ ಎಷ್ಟೋ ಹಾಗೇ ಕೆಟ್ಟಿದ್ದವು. ಒಂದು ಕಡೆ ಮದುಮಗಳು ಇದ್ದಾಳೆ, ಮದುಮಗನಿಲ್ಲ. ಇನ್ನೊಂದು ಕಡೆ ಶಾಲೆಯ ಮಕ್ಕಳ ಸಾಲಿನಲ್ಲಿ ಒಂದು ಸಾಲೇ ಇಲ್ಲ.

ತಂಗಿ ಮಷೀನನ್ನು ಎತ್ತಿಸಿಕೊಂಡು ಅಕ್ಕನ ಅಂಗಡಿಗೆ ಬಂದಳು. ನಾನು ಆಗ ಹೊರಗೆ ಗ್ರಿಲ್ಲಿಗೆ ಬಣ್ಣ ಹೊಡೆಯುತ್ತಿದ್ದೆ. "ಅಕ್ಕಾ, ನೋಡಿ ಹೇಳಿ. ಭಾವ ನನ್ನ ಕೈನೇ ಸರಿ ಇಲ್ಲ ಅಂತಾರೆ. ಫೋನಲ್ಲಿ ಮಾತಾಡ್ತಾ ಏನೇನೋ ಒತ್ತಿದೀಯ ಅಂತಾರೆ. ಏನಾದ್ರೂ ತಪ್ಪು ಒತ್ತಿದ್ರೆ ಹೀಗಾಗತ್ತಾ?" ಎಂದು ಕೇಳಿದಳು.

"ಇಟ್ಟು ಹೋಗಮ್ಮ, ನೋಡ್ತೀನಿ" ಎಂದಳು ಅಕ್ಕ.

ಅಕ್ಕ ಟೆಸ್ಟ್ ಹಾಕಿದಳು. ಪಾಸ್. ಮತ್ತೆ ಹಾಕಿದಳು. ಪಾಸ್. ಆಮೇಲೆ ಮಷೀನಿನ ಮುಚ್ಚಳ ತೆಗೆದು ಸ್ಟಿಕ್ ಹೊರಗೆಳೆದಳು. ಚುಕ್ಕೆಯಿಲ್ಲದ ಎರಡು. ಇದನ್ನು ಅವಳೇ ಆಮೇಲೆ ನನಗೆ ಹೇಳಿದ್ದು. ಕೆಟ್ಟ ಗೀರುಗಳ ಆಕಾರ ನೋಡಿದಾಗಲೇ ಇದು ರ‍್ಯಾಮಿನ ತಪ್ಪು ಎಂದು ಗೊತ್ತಾಗಿತ್ತಂತೆ. ಹಾಗಿದ್ದೂ ಅವಳು ಮಾಡಿದ್ದೇನು? ವೇಗವನ್ನು ಸದ್ದಿಲ್ಲದೆ ಇಳಿಸಿದಳು. ಮುಚ್ಚಿ ಸ್ಕ್ರೂ ಹಾಕಿದಳು. ತಂಗಿ ಬಂದಾಗ, "ಮಷೀನ್ ಸರಿ ಇದೆಯಮ್ಮ" ಎಂದಳು.

ಇನ್ನು ಮುಂದೆ ಫೋಟೋ ಕೆಡದಿದ್ದರೆ ಸಾಕು, ಮಾತು ತಣ್ಣಗಾಗುತ್ತದೆ ಎಂದುಕೊಂಡಳಂತೆ. ಫೋಟೋ ಕೆಡಲಿಲ್ಲ. ಮಾತು ತಣ್ಣಗಾಗಲಿಲ್ಲ. ಯಜಮಾನರು ಬೀದಿಗೆಲ್ಲ ಕೇಳುವ ಹಾಗೆ ಹೇಳತೊಡಗಿದರು, "ನೋಡಿ, ಮಷೀನ್ ಸರಿ ಇದೆ ಅಂತ ‘ಇನ್ನೊಂದ್ಸಲ’ನೇ ಹೇಳಿದಾರೆ. ನಾನು ಬೈದ ಮೇಲೆ ಒಂದು ಫೋಟೋನೂ ಕೆಟ್ಟಿಲ್ಲ. ಅಂದ್ರೆ ಏನರ್ಥ? ಮೊದಲು ಗಮನ ಇಟ್ಟು ಮಾಡಿಲ್ಲ, ಅಷ್ಟೇ."

ಅಕ್ಕ ಕದ್ದುಮುಚ್ಚಿ ಮಾಡಿದ ರಿಪೇರಿಯೇ ಆ ಹೆಣ್ಣಿನ ಮೇಲೆ ಸಾಕ್ಷಿಯಾಗಿ ನಿಂತಿತು.

ಅಕ್ಕ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಬಂದವರ ಜೊತೆ ಮಾತು ಕಡಿಮೆಯಾಯಿತು. ಗೇಮ್ ಹುಡುಗನೊಬ್ಬ, "ಅಕ್ಕಾ, ನಿಮ್ಮ ಹಾಗೆ ಯಾರ ಕೈಲೂ ಓಡಲ್ಲ" ಎಂದದ್ದಕ್ಕೆ, "ಸುಮ್ನೆ ಹೋಗೋ" ಎಂದು ರೇಗಿದಳು. ಗೋಡೆಯ ಈಚೆ ನಾನೇ ಬೆಚ್ಚಿದೆ. ರೇಗುವುದು ನನ್ನ ಕೆಲಸ, ಅವಳದಲ್ಲ.

ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ನನ್ನ ಹೆಂಡತಿ ಸುದ್ದಿ ತಂದಳು. "ಆ ಸ್ಕ್ಯಾನಿಂಗ್ ತಂಗೀನ ಕೆಲಸದಿಂದ ತೆಗೀತಾರಂತೆ ಕಣ್ರೀ. ಹೊರಗಿನವರು ಯಾರನ್ನೋ ನೋಡಿದಾರಂತೆ. ಪಾಪ, ಮನೆಯವರೇ ಹೀಗಂದ್ರೆ ಬೀದೀಲಿ ಯಾರು ಇನ್ನೊಂದು ಕೆಲಸ ಕೊಡ್ತಾರೆ?"

ಅಕ್ಕ ತಟ್ಟೆ ಸರಿಸಿ ಎದ್ದು ಅಂಗಡಿಗೆ ಹೋದಳು. ನಾನು ಹಿಂದೆಯೇ ಹೋದೆ. ಷಟರ್ ಅರ್ಧ ಎತ್ತಿ, ಒಳಗೆ ಸ್ಟೂಲಿನ ಮೇಲೆ ಕೂತಿದ್ದಳು.

"ಏನಾಯ್ತೇ ನಿಂಗೆ?"

ಹೇಳಿದಳು. ಜೋಡಿ ಬಿಡಿಸಿದ್ದು, ಸರಿಯಾಗಿ ನೋಡದೆ ಕೊಟ್ಟದ್ದು, ವೇಗ ಇಳಿಸಿ ಸುಮ್ಮನಾದದ್ದು, ಎಲ್ಲ. ಅವಳು ನನ್ನ ಮುಖ ನೋಡುತ್ತಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಿಲ್ಲ. "ಬಾಯಿ ಮುಚ್ಕೊಂಡಿರು" ಎಂದೆ. "ಯಾರಿಗೆ ಗೊತ್ತು? ಆ ಗದ್ದದವನು ಫಿಲ್ಮ್ ಮಾರಿದ್ದು ನೀನು ಹೇಳಿದ್ದಾ? ಇಟ್ಕೊಂಡಿದ್ರೆ ಇನ್ನೊಂದ್ಸಲ ಮಾಡಬಹುದಿತ್ತು. ತಪ್ಪು ಅವಂದು."

"ಅವರ ತಪ್ಪು ಅವರಿಗೆ. ನಂದು ನಂಗೆ."

"ಹೇಳಿದ್ರೆ ನಾಳೆಯಿಂದ ನಿನ್ನ ಅಂಗಡಿಗೆ ನಾಯೀನೂ ಬರಲ್ಲ, ಗೊತ್ತಾ? ಒಂದ್ಸಲ ಹೆಸರು ಹೋದ್ರೆ ಹೋಯ್ತು."

"ಗೊತ್ತು ಕಣೋ. ಅದಕ್ಕೇ ಇಷ್ಟು ದಿನ ಸುಮ್ನಿದ್ದೆ" ಎಂದಳು. "ಆ ಹುಡುಗಿ ನನ್ನ ಹತ್ರಾನೇ ಬಂದು ಕೇಳಿದ್ಲು. ನನ್ನ ಹೆಸರು ಉಳೀಲಿ ಅಂತ ಅವಳ ಹೆಸರು ಕೆಡಿಸ್ದೆ. ಯೋಚನೆ ಮಾಡು, ನಾನಾ ಮಾಡಿದ್ದು ಇದು?"

ಇಷ್ಟು ವರ್ಷ ಅವಳ ಪಕ್ಕದಲ್ಲೇ ಇದ್ದೇನೆ, ಅವಳು ಆ ದನಿಯಲ್ಲಿ ಮಾತಾಡಿದ್ದನ್ನು ಕೇಳಿರಲಿಲ್ಲ. ಅಂಗಿ ಬದಲಾಯಿಸಿ ಬಂದೆ. "ನಡಿ, ಹೋಗೋಣ" ಎಂದೆ.

"ನೀನ್ಯಾಕೆ? ಅಲ್ಲಿ ಬಂದು ಕೂಗಾಡಬೇಡ."

"ಕೂಗಾಡಲ್ಲ. ಹೊರಗೆ ನಿಂತಿರ್ತೀನಿ."

ಹೊರಗೆ ನಿಲ್ಲಲಿಲ್ಲ, ಒಳಗೇ ಹೋದೆ.

ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ಯಜಮಾನರು ಫೋಟೋಗೆ ಕಟ್ಟು ಹಾಕುತ್ತಿದ್ದರು. ತಂಗಿ ಒಳಗಿನಿಂದ ಬಂದು ಬಾಗಿಲ ಬಳಿ ನಿಂತಳು. ಅಕ್ಕ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಸುತ್ತಿ ಬಳಸಲಿಲ್ಲ. "ಕೆಟ್ಟಿದ್ದು ನಾನು ಹಾಕಿದ ರ‍್ಯಾಮಿಂದ. ಇವಳ ಕೈಯಿಂದಲ್ಲ" ಎಂದಳು.

ಯಜಮಾನರು ಕನ್ನಡಕ ತೆಗೆದು ಒರೆಸಿದರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಬೈಯಲಿಲ್ಲ.

"ನಿಮ್ಮ ಒಳ್ಳೆ ಮನಸ್ಸು ಗೊತ್ತಾಗತ್ತಮ್ಮ" ಎಂದರು. "ಅವಳು ನಿಮ್ಮ ಹತ್ರ ಬಂದು ಅತ್ತಿರ್ತಾಳೆ. ಅವಳನ್ನ ಉಳಿಸೋಕೆ ಅಂತ ತಪ್ಪು ನಿಮ್ಮ ತಲೆ ಮೇಲೆ ಎಳ್ಕೊಳ್ತಿದೀರ. ನಿಮ್ಮ ಮಷೀನ್ ಯಾವತ್ತಾದ್ರೂ ಕೆಟ್ಟಿದ್ದುಂಟಾ?"

ಅಕ್ಕ ಏನೇನೋ ಎದುರಿಸಲು ಬಂದಿದ್ದಳು. ತನ್ನ ಒಳ್ಳೆಯ ಹೆಸರೇ ಅಡ್ಡ ಬಂದು ನಿಲ್ಲುತ್ತದೆ ಎಂದು ಎಣಿಸಿರಲಿಲ್ಲ.

"ಇಲ್ಲ, ನಿಜವಾಗ್ಲೂ ನಂದೇ ತಪ್ಪು. ತೋರಿಸ್ತೀನಿ" ಎಂದಳು.

ಮಷೀನನ್ನು ಮುಂದಿನ ಕೋಣೆಗೆ ತಂದಿಟ್ಟೆವು. ಅಕ್ಕ ವೇಗವನ್ನು ಮತ್ತೆ ಮೊದಲಿನಷ್ಟಕ್ಕೆ ಏರಿಸಿ ಟೆಸ್ಟ್ ಹಾಕಿದಳು. ತಪ್ಪು ಸಿಕ್ಕರೆ ಕೆಂಪು ಗೆರೆ ಬರುತ್ತದೆ ಎಂದಳು. ಎಲ್ಲರೂ ಪರದೆ ನೋಡುತ್ತ ಕೂತೆವು. ತಲೆಯ ಮೇಲೆ ಫ್ಯಾನ್ ಗರಗರ ತಿರುಗುತ್ತಿತ್ತು. ಗೆರೆಯೂ ಇಲ್ಲ, ಏನೂ ಇಲ್ಲ. ಪಾಸ್ ಎಂದು ಬಂತು.

"ನೋಡಿದ್ರಾ?" ಎಂದರು ಯಜಮಾನರು.

"ಇನ್ನೊಂದ್ಸಲ" ಎಂದಳು ಅಕ್ಕ. ಮತ್ತೆ ಪಾಸ್.

ಜೀವಮಾನವೆಲ್ಲ ಪಾಸ್ ಆಗಲಿ ಎಂದು ಕಾಯುತ್ತಿದ್ದವಳು ಅವತ್ತು ಫೇಲ್ ಆಗು, ಫೇಲ್ ಆಗು ಎಂದು ಬೇಡಿಕೊಳ್ಳುವ ಹಾಗೆ ಕೂತಿದ್ದಳು. ಯಜಮಾನರು ಎದ್ದು ಕಟ್ಟು ಹಾಕುವ ಕೆಲಸಕ್ಕೆ ಮರಳಿದರು. "ಬಿಡಿ ಅಮ್ಮ. ನಮ್ಮ ಮನೆ ವಿಷಯ ನಾವು ನೋಡ್ಕೋತೀವಿ."

ನನಗೆ ತಡೆಯಲಾಗಲಿಲ್ಲ. "ಏನ್ರೀ ನಿಮ್ಮ ಮನೆ ವಿಷಯ? ತಪ್ಪು ಮಾಡಿದೀನಿ ಅಂತ ಮನೆ ಬಾಗಿಲಿಗೆ ಬಂದು ಹೇಳಿದ್ರೆ ಕೇಳೋಕೂ ನಿಮ್ಗೆ ಕಷ್ಟಾನಾ? ನಮ್ಮಕ್ಕ ಸುಳ್ಳಿ ಅಂತೀರಾ?"

"ನಿಮ್ಮಕ್ಕನ್ನ ನಾನು ಒಳ್ಳೆಯವರು ಅಂತಿದೀನಿ ಕಣ್ರೀ!"

"ಅದೇ ಯಾಕ್ರೀ ಅಂತೀರಾ!"

"ಲೋ, ಸುಮ್ನಿರೋ" ಎಂದು ಅಕ್ಕ ನನ್ನ ಅಂಗಿ ಹಿಡಿದೆಳೆದಳು.

ಅಷ್ಟರಲ್ಲಿ ತಂಗಿ ಮೊದಲ ಸಲ ಬಾಯಿ ತೆರೆದಳು. "ಅಕ್ಕಾ, ನಾನು ಕೆಲಸ ಮಾಡೋದು ಇಲ್ಲಲ್ಲ. ಒಳಗಿನ ಕೋಣೇಲಿ. ಅಲ್ಲಿ ನಾನು ಫ್ಯಾನೂ ಹಾಕಲ್ಲ, ಕಿಟಕೀನೂ ತೆಗಿಯಲ್ಲ."

"ಯಾಕಮ್ಮ?"

"ಗಾಳಿ ಬಂದ್ರೆ ಫಿಲ್ಮ್ ಮೇಲೆ ಧೂಳು ಕೂರತ್ತೆ. ಆ ಧೂಳು ಫೋಟೋದಲ್ಲಿ ದೊಡ್ಡ ಕಲ್ಲಿನ ಥರ ಕಾಣತ್ತೆ."

ಅಕ್ಕ ಅವಳನ್ನೇ ನೋಡಿದಳು. ಮಷೀನ್ ಎಲ್ಲಿ ಇಡುತ್ತೀರಿ, ಅಲ್ಲಿ ಗಾಳಿ ಇದೆಯಾ ಎಂದು ಮೊದಲ ದಿನವೇ ಕೇಳಬೇಕಾದ ಮಾತನ್ನು ಅವಳು ಕೇಳಿಯೇ ಇರಲಿಲ್ಲ.

ಮಷೀನನ್ನು ಒಳಗೆ ಹೊತ್ತುಕೊಂಡು ಹೋದೆವು. ಅದು ಹಿಂದೆ ಫೋಟೋ ತೊಳೆಯುತ್ತಿದ್ದ ಕತ್ತಲೆ ಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಒಂದು ಟೇಬಲ್ಲು, ಒಂದು ಕುರ್ಚಿ, ಕುರ್ಚಿಯ ಮೇಲೆ ತಂಗಿ ಮನೆಯಲ್ಲೇ ಹೊಲಿದ ಒಂದು ದಿಂಬು. ಬಾಗಿಲು ಹಾಕಿ ನಾಲ್ಕೂ ಜನ ನಿಂತೆವು. ಯಜಮಾನರು ಮುಖ ಗಂಟು ಹಾಕಿ ಗೋಡೆಗೊರಗಿದರು. ನಾನು ವೆಲ್ಡಿಂಗ್ ಮಾಡುವವನು, ನನಗೇ ಅಲ್ಲಿ ಉಸಿರು ಕಟ್ಟಿತು. ಈ ಕೋಣೆಯಲ್ಲಿ ಅವಳು ದಿನವಿಡೀ ಕೂತು ಒಂದೊಂದೇ ಫಿಲ್ಮನ್ನು ಒರೆಸಿ ಇಟ್ಟಿದ್ದಾಳೆ. ಅಂಥವಳನ್ನೇ ಗಮನವಿಲ್ಲದವಳು ಎಂದದ್ದು.

ಟೆಸ್ಟ್ ಓಡಿತು. ಮಷೀನ್ ಬಿಸಿಯಾಗುತ್ತ ಹೋಯಿತು. ನನ್ನ ಕುತ್ತಿಗೆಯಿಂದ ಬೆವರು ಇಳಿಯಿತು. "ಇದೇನ್ರೀ, ಇನ್ನೂ ಎಷ್ಟು ಹೊತ್ತು..." ಎಂದು ಯಜಮಾನರು ಶುರು ಮಾಡುವಷ್ಟರಲ್ಲಿ ಪರದೆಯ ಮೇಲೆ ಒಂದು ಕೆಂಪು ಗೆರೆ ಬಂತು. ಅದರ ಕೆಳಗೆ ಇನ್ನೊಂದು. ಆಮೇಲೆ ಒಟ್ಟಿಗೇ ಒಂದಷ್ಟು.

ಅಕ್ಕನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಗೆದ್ದವಳೂ ಅವಳೇ, ಸೋತವಳೂ ಅವಳೇ.

ಯಜಮಾನರು ಹತ್ತಿರ ಬಂದು ಪರದೆ ನೋಡಿದರು. "ಫಿಲ್ಮ್ ಮಾರಿದ್ದು ನಾನು" ಎಂದರು. ಯಾರಿಗೆ ಹೇಳಿದರೋ ತಿಳಿಯದು. ಆಮೇಲೆ ತಮ್ಮನ ಹೆಂಡತಿಯ ಕಡೆ ತಿರುಗಿ, "ನಾಳೆಯಿಂದ ಮಾಮೂಲಿನ ಹಾಗೆ ಕೂತ್ಕೋಮ್ಮ. ಬೇರೆಯವರು ಯಾರೂ ಬರಲ್ಲ" ಎಂದು ಹೇಳಿ ಹೊರಗೆ ಹೋದರು. ತಪ್ಪಾಯಿತು ಎಂಬ ಮಾತು ಆ ಬಾಯಿಂದ ಬರಲಿಲ್ಲ. ಹಿಂದೆಯೇ ಹೋಗಿ ಕೇಳಿಬಿಡುತ್ತಿದ್ದೆ, ಆದರೆ ಬಾಗಿಲ ಬಳಿ ತಂಗಿ ನಿಂತಿದ್ದಳು.

"ಅಕ್ಕಾ" ಎಂದಳು ಅವಳು. "ನಾನು ನಿಮ್ಮ ಅಂಗಡಿಗೆ ತಂದಾಗ ಮಷೀನ್ ಸರಿ ಇದೆ ಅಂದ್ರಲ್ಲ. ಅವತ್ತೇ ನಿಮಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಅನುಮಾನವಿತ್ತು ಅಷ್ಟೇ ಎನ್ನಬಹುದಿತ್ತು. ಅಲ್ಲಿದ್ದದ್ದು ನಾನೊಬ್ಬ, ನಾನೇನು ಹೇಳುತ್ತಿದ್ದೆನಾ?

"ಗೊತ್ತಿತ್ತು" ಎಂದಳು ಅಕ್ಕ.

ತಂಗಿ ಅಳಲಿಲ್ಲ, ಕೂಗಲಿಲ್ಲ. "ಆಮೇಲೆ ಒಂದೊಂದು ಫೋಟೋ ಒತ್ತುವಾಗ್ಲೂ ಈ ಬೆರಳು ಏನು ಮಾಡತ್ತೋ ಅಂತ ಹೆದರ್ತಿದ್ದೆ. ಫೋನನ್ನ ಮನೇಲೇ ಬಿಟ್ಟು ಬರ್ತಿದ್ದೆ. ಅವರು ಲಾರಿಯಿಂದ ಕರೆ ಮಾಡಿದ್ರೆ ಎತ್ತುತ್ತಿರಲಿಲ್ಲ. ಭಾವ ಅಂದಿದ್ದು ನಿಜ ಇರಬೇಕು ಅಂತ ನಾನೇ ನಂಬಿಬಿಟ್ಟಿದ್ದೆ. ಯಾಕೆ ಅಂದ್ರೆ, ಮಷೀನ್ ಸರಿ ಇದೆ ಅಂತ ನೀವು ಅಂದ್ರಲ್ಲ" ಎಂದಳು.

ಅಕ್ಕ ಅವಳ ಕೈ ಹಿಡಿಯಲು ಹೋದಳು. ತಂಗಿ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಕೆಟ್ಟ ಫೋಟೋ ಯಾರ್‍ಯಾರದ್ದು ಅಂತ ನೋಡಿ, ಅವರ ಮನೇಲಿ ಪ್ರಿಂಟ್ ಇದ್ರೆ ತಂದು ಮತ್ತೆ ಮಾಡೋಣಮ್ಮ. ನಾನೂ ನಿನ್ನ ಜೊತೆ ಮನೆ ಮನೆಗೆ ಬರ್ತೀನಿ" ಎಂದಳು ಅಕ್ಕ.

"ಬೇಡ. ನಾನೊಬ್ಬಳೇ ಹೋಗ್ತೀನಿ."

ದಾರಿಯಲ್ಲಿ ನಾನೇ, "ಹೇಳಿಬಿಟ್ಟೆಯಲ್ಲ, ಇನ್ನು ಹಗುರ ಆಯ್ತು ತಾನೆ?" ಎಂದೆ. ಅವಳು ನನ್ನ ಮುಖ ನೋಡಿ, "ಏನು ಹಗುರನೋ?" ಎಂದಳು.

ಅವಳು ಆಮೇಲೆ ಡಬ್ಬಿ ಒಡೆಯುವುದನ್ನು ಬಿಟ್ಟಳು. ಬಂದ ಜೋಡಿ ಬಂದ ಹಾಗೇ ಹೋಗುತ್ತದೆ. ಉಗುರುಬಣ್ಣದ ಬಾಟಲಿಯನ್ನು ನನ್ನ ಹೆಂಡತಿ ಕೇಳಿದಳು, ಅಕ್ಕ ಕೊಟ್ಟುಬಿಟ್ಟಳು. ಹಿಂದೆ ಬಿಡಿಸಿದ ಜೋಡಿಗಳು ಯಾರ ಯಾರ ಮಷೀನಿಗೆ ಹೋಗಿವೆ ಎಂದು ಅವಳಿಗೆ ಪೂರ್ತಿ ನೆನಪಿಲ್ಲ. ನೆನಪಿದ್ದವರ ಬಾಗಿಲಿಗೆ ತಾನೇ ಹೋಗಿ, ಮಷೀನ್ ತೆಗೆದು, ಬದಲಾಯಿಸಿ ಬಂದಳು. ಕೆಲವರು ಚಹಾ ಕೊಟ್ಟರು. ಪ್ರೆಸ್ಸಿನವನು, "ಹಾಗಾದ್ರೆ ಇಷ್ಟು ದಿನ ನಮ್ಗೆ ಕಸ ಕೊಟ್ಟಿದ್ರಾ?" ಎಂದ. ಅವಳು ಹೌದೆಂದು ತಲೆಯಾಡಿಸಿದಳಂತೆ. ಗೇಮ್ ಹುಡುಗರಲ್ಲಿ ಅರ್ಧ ಜನ ಬೇರೆ ಅಂಗಡಿ ಹುಡುಕಿಕೊಂಡರು. ನಾನು ಹೆದರಿಸಿದ ಹಾಗೆ ನಾಯಿಯೂ ಬರದೆ ಹೋಗಲಿಲ್ಲ, ಜನ ಬರುತ್ತಾರೆ. ಆದರೆ ಮೊದಲಿನ ಹಾಗೆ ಮಷೀನ್ ಇಟ್ಟು ಬೆನ್ನು ತಿರುಗಿಸಿ ಹೋಗುವವರು ಕಡಿಮೆ.

ತಂಗಿ ಮನೆ ಮನೆ ಅಲೆದು ಒಂದಷ್ಟು ಪ್ರಿಂಟ್ ತಂದಳು. ಮದುಮಗ ಸಿಕ್ಕಿದನಂತೆ. ಶಾಲೆಯ ಆ ಸಾಲು ಸಿಗಲಿಲ್ಲ. ಗುಲಾಬಿ ಗೀರಿನ ಹೆಂಗಸಿನ ತಂದೆ ಸಿಗಲಿಲ್ಲ, ಆತ ಬದುಕಿನಲ್ಲಿ ತೆಗೆಸಿದ್ದು ಅದೊಂದೇ ಫೋಟೋ. ಈ ಸುದ್ದಿಯೆಲ್ಲ ನಮಗೆ ಬಂದದ್ದು ನನ್ನ ಹೆಂಡತಿಯ ಮೂಲಕ. ತಂಗಿ ನಮ್ಮ ಬೀದಿಯಲ್ಲೇ ಹಾದು ಹೋಗುವಳು, ನನ್ನನ್ನು ಕಂಡರೆ, "ಊಟ ಆಯ್ತಾ ಅಣ್ಣ?" ಎನ್ನುವಳು, ಅಕ್ಕನ ಅಂಗಡಿ ಹತ್ತಿರ ಬಂದಾಗ ಎದುರು ಬದಿಗೆ ದಾಟುವಳು. ಅಕ್ಕ ಅದನ್ನು ನೋಡುತ್ತಿದ್ದಳು. ನೋಡದ ಹಾಗೆ ಸ್ಕ್ರೂ ತಿರುಗಿಸುತ್ತಿದ್ದಳು.

ಮೊನ್ನೆ ಮಧ್ಯಾಹ್ನ ಸ್ಟುಡಿಯೋದ ಮಷೀನ್ ಶುರುವಾಗಲಿಲ್ಲ ಎಂದು ತಂಗಿ ಅದನ್ನು ತಂದು ಅಕ್ಕನ ಕೌಂಟರಿನ ಮೇಲಿಟ್ಟಳು. ನನ್ನ ಕೈಯಲ್ಲಿ ಉರಿಯುತ್ತಿದ್ದ ಗ್ಯಾಸ್ ಟಾರ್ಚ್ ಆರಿಸಿ, ಶೆಡ್ಡಿನ ಅಂಚಿಗೆ ಬಂದು ನಿಂತೆ.

"ಇಟ್ಟು ಹೋಗಮ್ಮ, ಸಂಜೆ ಹೊತ್ತಿಗೆ..." ಎಂದು ಅಕ್ಕ ಅಭ್ಯಾಸ ಬಲದಿಂದ ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು.

"ಇಲ್ಲ, ನಾನು ಇಲ್ಲೇ ಇರ್ತೀನಿ."

"ಕೂತ್ಕೋ ಹಾಗಾದ್ರೆ. ಸ್ಟೂಲ್ ಇದೆ."

"ನಿಂತೇ ನೋಡ್ತೀನಿ."

ನನ್ನ ನಾಲಿಗೆ ತುರಿಸಿತು. ಅಷ್ಟು ಅನುಮಾನ ಇದ್ದವಳು ಯಾಕೆ ಬಂದೆ ಎನ್ನಬೇಕೆನ್ನಿಸಿತು. ಅಕ್ಕ ನನ್ನ ಕಡೆ ಒಂದು ನೋಟ ಬಿಟ್ಟಳು, ನಾನು ಬಾಯಿ ಮುಚ್ಚಿದೆ.

ಅಕ್ಕ ಮಷೀನನ್ನು ಅವಳ ಕಡೆಗೆ ತಿರುಗಿಸಿ ಮುಚ್ಚಳ ತೆಗೆದಳು. ಒಂದೊಂದು ವೈರ್ ಬಿಚ್ಚುವ ಮೊದಲೂ, "ಇದು ಕರೆಂಟಿಂದು, ತೆಗೀತಿದೀನಿ", "ಇದು ಡಿಸ್ಕ್, ಇದನ್ನ ಮುಟ್ಟಲ್ಲ" ಎಂದು ಗಟ್ಟಿಯಾಗಿ ಹೇಳುತ್ತ ಹೋದಳು. ಟೈಪಿಂಗ್ ಕ್ಲಾಸಿನಲ್ಲಿ ಮೇಷ್ಟರಿಗೆ ಪಾಠ ಒಪ್ಪಿಸುವ ಹಾಗೆ. ತಂಗಿ ಅಕ್ಕನ ಬೆರಳುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಒಂದು ಸ್ಕ್ರೂ ಅಕ್ಕನ ಕೈಯಿಂದ ಜಾರಿ ಕೆಳಗೆ ಬಿತ್ತು. ಅವಳು ಬಗ್ಗುವ ಮೊದಲೇ ತಂಗಿ ಬಗ್ಗಿ ಎತ್ತಿ ಕೌಂಟರಿನ ಮೇಲಿಟ್ಟಳು. ಅಕ್ಕ ಅವಳ ಮುಖ ನೋಡಿದಳು.

"ಮುಂದೇನು ಮಾಡ್ತೀರಿ ಹೇಳಿ" ಎಂದಳು ತಂಗಿ.

ಅಕ್ಕ ಹೇಳಿದಳು.